ಕಾರಿನ ಬಾಗಿಲ ಮೇಲೆ ಅಪ್ಪನ ಕೈ

ಮನೆ ಮಾಲೀಕರಿಗೆ,

ನಿಮ್ಮ ಚೀಟಿ ತಲುಪಿತು. ಹೊಸದಾಗಿ ಬಣ್ಣ ಹೊಡೆದ ಕಾರಿನ ಬಾಗಿಲ ಮೇಲೆ ನನ್ನಪ್ಪನ ಕೈ ಅಚ್ಚೊತ್ತಿದೆಯೆಂದೂ, ಕ್ಷಮೆ ಕೇಳದಿದ್ದರೆ ಕೋಣೆ ಖಾಲಿ ಮಾಡಬೇಕೆಂದೂ ಬರೆದಿದ್ದೀರಿ.

ನೀವು ಬರೆಯದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಗ್ಯಾರೇಜು ಬಿಟ್ಟು ಕಾರನ್ನು ನಮ್ಮ ಕಿಟಕಿಯ ಕೆಳಗೇ ನಿಲ್ಲಿಸಿ ಬಣ್ಣದ ಸ್ಪ್ರೇ ಡಬ್ಬಿ ಹಿಡಿದಿರಿ. ನನ್ನ ಹೊಲಿಗೆಯ ನೂಲು, ಧೂಳು ಹಸಿ ಬಣ್ಣದ ಮೇಲೆ ಕೂರಬಾರದೆಂದು, ಇದ್ದ ಒಂದೇ ಕಿಟಕಿಗೆ ಹೊರಗಿನಿಂದ ಪೇಪರ್ ಇಟ್ಟು ಟೇಪ್ ಅಂಟಿಸಿದಿರಿ. ಒಳಗೆ ಉಬ್ಬಸದ ನನ್ನಪ್ಪ ಇದ್ದಾರೆಂದು ನಿಮಗೆ ಗೊತ್ತಿತ್ತು.

"ಸ್ವಾಮಿ, ಉಸಿರು ಕಟ್ತಿದೆ, ಸ್ವಲ್ಪ ನಿಲ್ಸಿ" ಎಂದು ಅಪ್ಪ ಕೂಗಿದರು.

"ಇನ್ನೊಂದೇ ಕೋಟು ಕಣಯ್ಯಾ, ಸುಮ್ನೆ ಬಿದ್ಕೋ" ಎಂದಿರಿ.

ಬಾಗಿಲ ಸಂದಿಯಿಂದ ಬಣ್ಣದ ಹೊಗೆ ನುಗ್ಗಿತು. ಅಪ್ಪ ಗೋಡೆ ತಡವುತ್ತ ಹೊರಬಂದು, ಬೀಳುವ ಮುಂಚೆ ಕೈಗೆ ಸಿಕ್ಕಿದ್ದನ್ನು ಹಿಡಿದರು. ಸಿಕ್ಕಿದ್ದು ನಿಮ್ಮ ಕಾರು. ನೆಲಕ್ಕೆ ಬಿದ್ದ ಮನುಷ್ಯನನ್ನು ಬಿಟ್ಟು ನೀವು ಮೊದಲು ನೋಡಿದ್ದು ಅದನ್ನೇ.

ಕ್ಷಮೆ ಕೇಳುವುದಿಲ್ಲ. ಕೋಣೆ ಬಿಡುವುದೂ ಇಲ್ಲ. ಕಿಟಕಿಯ ಪೇಪರ್ ಕಿತ್ತು ಹಾಕಿದ್ದೇನೆ. ಆ ಕೈಯಚ್ಚು ಉಜ್ಜಿ ಮತ್ತೆ ಬಣ್ಣ ಹೊಡೆಯುವುದಿದ್ದರೆ ಕಾರನ್ನು ಬೀದಿಗೆ ತಳ್ಳಿ. ಅಲ್ಲಿ ಗಾಳಿಯಿದೆ, ಬಿಸಿಲಿದೆ, ಇದು ಯಾರ ಕೈ ಎಂದು ಕೇಳುವ ಜನರೂ ಇದ್ದಾರೆ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ.

ಇಂತಿ,
ಹಿಂಬದಿ ಕೋಣೆಯ ಹೊಲಿಗೆಯವಳು