ಮಾರ್ಚ್ ಹದಿನಾಲ್ಕರ ಸಭೆ

ಜೂನ್ 3, ಮಂಗಳವಾರ

ಬೆಳಿಗ್ಗೆ ಏಳೂವರೆಗೆ ನಮ್ಮ ನರ್ಸಿಂಗ್ ಕಾಲೇಜಿನ ಜರ್ನಲ್ ಕ್ಲಬ್ ವಾಟ್ಸಾಪ್ ಗ್ರೂಪಿಗೆ ಮತ್ತೊಂದು ಸಂಶೋಧನಾ ಪೇಪರ್ ಹಾಕಿದೆ. ಹದಿನಾಲ್ಕು ಪುಟ. ಆಸ್ಪತ್ರೆಯಲ್ಲಿ ನರ್ಸ್‌ಗಳು ಸಾಲದೆ ನರ್ಸಿಂಗ್ ವಿದ್ಯಾರ್ಥಿಗಳನ್ನು ದುಡಿಸಿದರೆ ಅವರು ಕಲಿಯುವುದೆಷ್ಟು ಎಂಬುದರ ಮೇಲೆ. ಒಂದೇ ನಿಮಿಷಕ್ಕೆ ಲೋಕೇಶ್ ಸರ್ ಹೆಬ್ಬೆರಳು ಎತ್ತಿದರು. ಹಿಂದೆಯೇ ಮೂವರು ಕೈ ಮುಗಿದರು. 'ವೆರಿ ಇನ್ಫರ್ಮೇಟಿವ್ ಮೇಡಂ.' ಇಂಥ ಮೇಧಾವಿಗಳೆಲ್ಲ ಹೆಬ್ಬಗೋಡಿಯಲ್ಲೇ ಬಂದು ಸೇರಿದ್ದಾರೆ! ಏಳೂ ಮುಕ್ಕಾಲಿಗೆ ಪ್ರಿನ್ಸಿಪಾಲ್ ವನಜಾ ಮೇಡಂ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಹಾಕಿದರು. ಅಲ್ಲಿಗೆ ಚರ್ಚೆ ಮುಗಿಯಿತು.

ಹೆಸರಿಗೆ ತಿಂಗಳ ಎರಡನೇ ಶುಕ್ರವಾರ ಕೂತು ಚರ್ಚಿಸಬೇಕು. ನಾನು ಇಲ್ಲಿ ಲೆಕ್ಚರರ್ ಆಗಿ ಸೇರಿ ಎರಡು ವರ್ಷ. ಒಮ್ಮೆಯೂ ಕೂತದ್ದಿಲ್ಲ.

ಜೂನ್ 5

ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟು ಕೇಳಿದೆ — ಈ ಸಲವಾದರೂ ಕೂರೋಣವೇ?

"ಇರಲಾರ್ದೆ ಇರುವೆ ಬಿಟ್ಕೊಳ್ಳೋದು ಅಂದ್ರೆ ಇದೇ ಮೇಡಂ," ಅಂದರು ಲೋಕೇಶ್ ಸರ್.

ಸುಳ್ಳಲ್ಲ. ಮೇಲೆ ಕಾಲೇಜು, ಕೆಳಗೆ ಅದೇ ಮ್ಯಾನೇಜ್‌ಮೆಂಟಿನ ಆಸ್ಪತ್ರೆ. ಪಾಠದ ನಡುವೆ ವಾರ್ಡಿನಿಂದ ಫೋನ್ — 'ಇಬ್ಬರನ್ನ ಕಳಿಸಿ.' ಎಬ್ಬಿಸಿ ಕಳಿಸುವವಳು ನಾನು. ಹೆಚ್ಚಾಗಿ ನೀಲಾಂಬಿಕಾಳನ್ನು. ಬಾಗಲಕೋಟೆ ಕಡೆಯ ಹುಡುಗಿ, ಅಪ್ಪನಿಗೆ ಇಲ್ಲೇ ಗಾರೆ ಕೆಲಸ. ಎದುರಾಡುವುದಿಲ್ಲ, ಅದಕ್ಕೇ ಅವಳು. ವಾರ್ಡಿನ ಡ್ಯೂಟಿ ಲಿಸ್ಟಿನಲ್ಲಿ ಅವಳ ಹೆಸರು ಇರುವುದಿಲ್ಲ. ಕ್ಲಾಸಿನ ರಿಜಿಸ್ಟರಿನಲ್ಲಿ ಆಬ್ಸೆಂಟ್. ಅದನ್ನು ಹಾಕುವವಳೂ ನಾನೇ... ಪ್ರಿನ್ಸಿಪಾಲ್ ಮೇಡಂ ಆರ್ಡರ್.

ಜೂನ್ 19

ಸೋಮವಾರ ವಿಶ್ವವಿದ್ಯಾಲಯದ ಇನ್‌ಸ್ಪೆಕ್ಷನ್. ಕಮಿಟಿಗೆ ಹನ್ನೆರಡು ತಿಂಗಳ ಜರ್ನಲ್ ಕ್ಲಬ್ ದಾಖಲೆ ಬೇಕಂತೆ. ಫೋಟೊ, ಸಹಿ, ಸಭೆಯ ಮಿನಿಟ್ಸ್. ನಡೆದದ್ದು ಸೊನ್ನೆ.

"ನಾಳೆ ಎಲ್ರೂ ನಾಲ್ಕ್ ನಾಲ್ಕ್ ಸೀರೆ ತಗೊಂಡ್ ಬನ್ನಿ," ಅಂದರು ವನಜಾ ಮೇಡಂ.

ಜೂನ್ 20, ಶುಕ್ರವಾರ

ಒಂದು ದಿನದಲ್ಲಿ ಒಂದು ವರ್ಷ ಕಳೆದೆವು. ಫ್ಲೆಕ್ಸ್ ಒಂದೇ, ದಿನಾಂಕದ ಜಾಗಕ್ಕೆ ಚೀಟಿ ಅಂಟಿಸುವುದು, ಕೀಳುವುದು. ಟಾಯ್ಲೆಟ್ಟಿನಲ್ಲಿ ಸೀರೆ ಬದಲಿಸಿ ಓಡಿ ಬಂದು ಕೂರುವುದು. ಡಿಸೆಂಬರ್ ಅಂತ ಲೋಕೇಶ್ ಸರ್‌ಗೆ ಸ್ವೆಟರ್. "ಬೇಗ ಫೋಟೊ ತೆಗೀರಪ್ಪ, ಬೆಂದೋಗ್ತೀನಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನನ್ನ ಮೇಲೇ ಸಿಟ್ಟು.

ಮಿನಿಟ್ಸ್ ಬರೆಯುವುದು ನನ್ನ ತಲೆಗೆ. "ಜ್ಯೋತಿಲಕ್ಷ್ಮಿ ಹ್ಯಾಂಡ್‌ರೈಟಿಂಗ್ ಮುತ್ತು ಪೋಣಿಸ್ದಂಗಿದೆ," ಅಂದರು ಮೇಡಂ. ಹನ್ನೊಂದನ್ನು ಏನೋ ಗೀಚಿ ಮುಗಿಸಿದೆ. ಮಾರ್ಚ್ 14ಕ್ಕೆ ಮಾತ್ರ ನಾನು ಗ್ರೂಪಿಗೆ ಹಾಕಿದ್ದ ಆ ಪೇಪರನ್ನೇ ಇಟ್ಟೆ. ನಾಲ್ಕು ಪುಟ ಜಗಳ ಬರೆದೆ. ಸ್ಯಾಂಪಲ್ ಚಿಕ್ಕದು, ನಮ್ಮ ದೇಶಕ್ಕೆ ಹೊಂದುವುದಿಲ್ಲ ಎಂದು ಲೋಕೇಶ್ ಸರ್ ಆಕ್ಷೇಪ. ಒಂದೊಂದಕ್ಕೂ ನನ್ನ ಉತ್ತರ. ಕೊನೆಗೆ ನಿರ್ಣಯ — ತರಗತಿಯ ವೇಳೆ ವಿದ್ಯಾರ್ಥಿಗಳನ್ನು ವಾರ್ಡ್ ಕೆಲಸಕ್ಕೆ ಕಳಿಸತಕ್ಕದ್ದಲ್ಲ. ಸರ್ವಾನುಮತ.

ಮೇಡಂ ಓದದೆ ಸಹಿ ಹಾಕಿದರು. ಎಷ್ಟು ಖುಷಿ ನನಗೆ! ಕಮಿಟಿ ಓದುತ್ತದೆ, ಜಾರಿಯಾಗಿದೆಯೇ ಎಂದು ಕೇಳುತ್ತದೆ, ಮೇಡಂ ತಡವರಿಸುತ್ತಾರೆ...

ಜೂನ್ 23

ಕಮಿಟಿ ಓದಿತು. ಆ ಪುಟವನ್ನೇ. ಕಮಿಟಿಯ ಹಿರಿಯ ಮೇಡಂ ಒಬ್ಬರು ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಬರೀ ಚರ್ಚೆ ಅಲ್ಲ, ಜಾರಿಗೂ ತಂದಿದ್ದೀರಿ ತಾನೆ?"

ಕೇಳಿದ್ದು ನನ್ನನ್ನು. ವನಜಾ ಮೇಡಂ ನನ್ನ ಮುಖ ನೋಡಿದರು. ಫೈಲ್ ಹೊತ್ತು ನಿಂತಿದ್ದ ನೀಲಾಂಬಿಕಾಳೂ ನೋಡಿದಳು.

"ಹೌದು ಮೇಡಂ," ಅಂದೆ.

ಮಾದರಿ ಪದ್ಧತಿ, ಬೆಸ್ಟ್ ಪ್ರಾಕ್ಟೀಸ್ ಅಂತ ಬರೆದುಕೊಂಡು ಹೋದರು. ಮಧ್ಯಾಹ್ನ ವಾರ್ಡಿನಿಂದ ಫೋನ್. ಇಬ್ಬರನ್ನು ಕಳಿಸಿದೆ.

ಆಗಸ್ಟ್ 18

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದೇನಿತ್ತು? ಗ್ರೂಪಿಗೆ ಪೇಪರ್ ಹಾಕುವುದನ್ನೂ ಬಿಟ್ಟೆ.

ನೀಲಾಂಬಿಕಾಗೆ ಹಾಲ್ ಟಿಕೆಟ್ ಇಲ್ಲ. ಹಾಜರಿ ಎಂಬತ್ತು ಪರ್ಸೆಂಟ್ ಬೇಕು, ಅವಳದು ಅರವತ್ತೊಂದು. ಒಂದು ವರ್ಷ ಹೋಗುತ್ತದೆ. ವಾರ್ಡಿಗೆ ಕಳಿಸಿದ್ದರಿಂದಲೇ ಹೀಗಾಯಿತೆಂದು ಕಾಲೇಜಿಗೆ ಅರ್ಜಿ ಕೊಟ್ಟಿದ್ದಾಳೆ. ಒಳಗೊಳಗೇ ಸಮಾಧಾನ. ನಾನು ಹೇಳದ್ದನ್ನು ಅವಳಾದರೂ ಹೇಳಿದಳು.

ಆಗಸ್ಟ್ 21

ಅರ್ಜಿ ತಿರಸ್ಕೃತ. ಉತ್ತರದ ಜೊತೆ ಒಂದು ಜೆರಾಕ್ಸ್. ಮಾರ್ಚ್ 14ರ ನಿರ್ಣಯ. ಅಂದಿನಿಂದ ಅಂಥ ಪದ್ಧತಿಯೇ ಇಲ್ಲವಂತೆ. ಹುಡುಗಿ ಕ್ಲಾಸು ತಪ್ಪಿಸಿ ಸುಳ್ಳು ಹೇಳುತ್ತಿದ್ದಾಳಂತೆ.

ಸಂಜೆ ಅವಳೇ ಸ್ಟಾಫ್ ರೂಮಿಗೆ ಬಂದಳು. ಜೆರಾಕ್ಸ್ ನನ್ನ ಮುಂದೆ ಹಿಡಿದಳು.

"ಮೇಡಂ, ಇದು ನಿಮ್ಮ ಅಕ್ಷರ ಅಲ್ಲೇನ್ರಿ?"

"ಹೌದಮ್ಮ."

"ಅವತ್ತ ಹೋಳಿ ಹುಣ್ಣಿಮಿ ರೀ. ಕಣ್ಣಾಗ ಬಣ್ಣ ಬಿದ್ದವ್ರೆಲ್ಲಾ ಬಂದಿದ್ರು. ನಾ ಕೆಳಗ ವಾರ್ಡಿನ್ಯಾಗ ಇದ್ದೆ. ನೀವ ಕಳಿಸಿದ್ರಿ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾಚಿಕೆಯಿಂದ ಸತ್ತಂತಾಯಿತು.

ಅವಳು ಹೋದ ಮೇಲೆ ಲೋಕೇಶ್ ಸರ್ ಮೆಲ್ಲಗೆ, "ಏನೂ ಬರ್ಕೊಡೋಕ್ ಹೋಗ್ಬೇಡಿ ಮೇಡಂ. ಕಮಿಟಿ ಮುಂದೆ ಹೌದು ಅಂದೋರು ನೀವು. ಫಸ್ಟ್ ನಿಮ್ ತಲೆ ಹೋಗುತ್ತೆ," ಅಂದರು. ಪೇಪರ್ ಬಗ್ಗೆ ಎಂದೂ ಮಾತಾಡದ ಮನುಷ್ಯ. ಇವತ್ತು ಆಡಿದ್ದರಲ್ಲಿ ಒಂದೂ ತಪ್ಪಿಲ್ಲ.

ಆಗಸ್ಟ್ 22, ಬೆಳಿಗ್ಗೆ 6

ಹಾಲ್ ಟಿಕೆಟ್‌ಗೆ ಇವತ್ತೇ ಕೊನೆ. ವಿಶ್ವವಿದ್ಯಾಲಯಕ್ಕೆ ಪತ್ರ. ಮೂರು ಹಾಳೆ ಹರಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಇಲ್ಲಿ ಯಾರೂ ಓದುವುದಿಲ್ಲ.

ಮಾನ್ಯರೇ, ಮಾರ್ಚ್ 14ರಂದು ನಮ್ಮ ಕಾಲೇಜಿನಲ್ಲಿ ಜರ್ನಲ್ ಕ್ಲಬ್ ಸಭೆ ನಡೆದಿಲ್ಲ. ಆ ನಾಲ್ಕು ಪುಟ ಬರೆದದ್ದು, ಅಂದು ನೀಲಾಂಬಿಕಾಳನ್ನು ವಾರ್ಡಿಗೆ ಕಳಿಸಿದ್ದು, ಕಳಿಸಿ ಆಬ್ಸೆಂಟ್ ಹಾಕಿದ್ದು, ಮೂರೂ —