ಮೀಸೆ ಅಳಿಸಿ ಜಡೆ ಅಂಟಿಸಿದ ಸಮಾನತೆ

ಮಾನ್ಯ ಪಠ್ಯಕ್ರಮ ನಿರ್ದೇಶಕರೇ,

ಆರನೇ ತರಗತಿಯ ಹೊಸ ವಿಜ್ಞಾನ ಪುಸ್ತಕದಲ್ಲಿ ತಾವು ಒಬ್ಬ ಮಹಿಳಾ ಎಲೆಕ್ಟ್ರಿಷಿಯನ್ ಚಿತ್ರ ಅಚ್ಚು ಹಾಕಿಸಿದ್ದೀರಿ. ಅದೇ ತರಗತಿಯಲ್ಲಿರುವ ನನ್ನ ಮಗಳಿಗೆ ವೈರಿಂಗ್ ಕಲಿಸಲು ಮಾತ್ರ ತಮ್ಮ ಇಲಾಖೆ ಒಪ್ಪುತ್ತಿಲ್ಲ. ನನ್ನ ತಕರಾರು ಇಷ್ಟೇ.

ಮೊದಲು ಚಿತ್ರದ ಮಾತು. ಹಳೆಯ ಪುಸ್ತಕದಲ್ಲಿ ಏಣಿಯ ಮೇಲೆ ಮೀಸೆಯ ಗಂಡಸೊಬ್ಬ ನಿಂತಿದ್ದ. ಸಮಾನತೆ ತರಬೇಕೆಂದು ತಮ್ಮವರು ಅವನ ಮೀಸೆ ಅಳಿಸಿ ಒಂದು ಜಡೆ ಅಂಟಿಸಿದ್ದಾರೆ. ತೋಳು ಅವನದೇ, ಅಂಗಿ ಅವನದೇ, ತಪ್ಪೂ ಅವನದೇ. ಗೋಡೆಯ ಸ್ವಿಚ್ ಹಾಕಿಯೇ ಇದೆ, ಪುಣ್ಯಾತ್ಗಿತ್ತಿ ಬರಿಗೈಯಲ್ಲಿ ವೈರ್ ಹಿಡಿದು ನಗುತ್ತಿದ್ದಾಳೆ. ಹದಿನೆಂಟು ವರ್ಷಗಳಿಂದ ಇದೇ ಕೆಲಸದಲ್ಲಿ ಹೊಟ್ಟೆ ಹೊರೆಯುತ್ತಿರುವ ನನಗೆ, ಆ ಪುಟ ನೋಡಿ ನಗಬೇಕೋ ಆಂಬುಲೆನ್ಸ್ ಕರೆಯಬೇಕೋ ತಿಳಿಯಲಿಲ್ಲ. ಈ ಕೆಲಸ ಮಾಡುವ ಒಬ್ಬ ಹೆಂಗಸನ್ನಾದರೂ ಒಂದು ಮಾತು ಕೇಳಬಾರದಿತ್ತೇ?

ಇರಲಿ. ಚಿತ್ರ ತಿದ್ದಿದವರು ವೇಳಾಪಟ್ಟಿಯನ್ನು ಮುಟ್ಟಿಲ್ಲ. ಶುಕ್ರವಾರದ ಕೊನೆಯ ಪಿರಿಯಡ್ಡಿನಲ್ಲಿ ಹುಡುಗರಿಗೆ ವೈರಿಂಗ್, ಹುಡುಗಿಯರಿಗೆ ಕಸೂತಿ. ಕಸೂತಿಯ ಮೇಲೆ ನನಗೆ ಹಗೆಯಿಲ್ಲ. ನಮ್ಮ ಮನೆಯಲ್ಲಿ ಸೂಜಿ ಹಿಡಿಯುವವರು ನಮ್ಮ ಯಜಮಾನರು. ಹುಡುಗನೆಂಬ ಕಾರಣಕ್ಕೆ ಶಾಲೆಯಲ್ಲಿ ಅದನ್ನು ಕಲಿಸಲಿಲ್ಲವೆಂದು ಇಂದಿಗೂ ಕೊರಗುತ್ತಾರೆ. ಮಗಳಿಗೆ ಮಾತ್ರ ಅದು ಒಲಿದಿಲ್ಲ. ಕಳೆದ ತಿಂಗಳು ಕರವಸ್ತ್ರದ ಮೇಲೆ ಹೂವು ಹೊಲಿಯಲು ಹೋಗಿ, ಕರವಸ್ತ್ರವನ್ನು ತನ್ನ ಲಂಗಕ್ಕೇ ಸೇರಿಸಿ ಹೊಲಿದುಕೊಂಡು ಹಾಗೇ ಮನೆಗೆ ಬಂದಳು.

ಹೋದ ಶುಕ್ರವಾರ ಕಸೂತಿ ಕೋಣೆಯ ಫ್ಯಾನು ಗುಂಯ್ ಎನ್ನುತ್ತಾ ನಿಂತುಹೋಯಿತು.

"ಟೀಚರ್, ಕಂಡೆನ್ಸರ್ ಹೋಗಿದೆ ಅನ್ಸುತ್ತೆ" ಎಂದಳಂತೆ ಮಗಳು.

"ನಿಂಗ್ಯಾಕಮ್ಮ ಅದೆಲ್ಲ? ಮೊದ್ಲು ಆ ದಾರದ ಗಂಟು ಬಿಡಿಸ್ಕೋ."

ಅರ್ಧ ಗಂಟೆ ಎಲ್ಲರೂ ಬೆವರಿದ ಮೇಲೆ ವೈರಿಂಗ್ ಮೇಷ್ಟ್ರು ಬಂದು, ಕತ್ತೆತ್ತಿ ನೋಡಿ, "ಕಂಡೆನ್ಸರ್ ಹೋಗಿದೆ" ಎಂದರು. ಹುಡುಗಿಯರೆಲ್ಲ ನನ್ನ ಮಗಳ ಕಡೆ ತಿರುಗಿ ಚಪ್ಪಾಳೆ ತಟ್ಟಿದರಂತೆ. ಮೇಷ್ಟ್ರು ಅದು ತಮಗೇ ಎಂದುಕೊಂಡು ಕೈಮುಗಿದರಂತೆ.

ಟೀಚರ್ ಒಳ್ಳೆಯವರು. ಮಗಳನ್ನು ವೈರಿಂಗ್ ಕೋಣೆಗೆ ಕಳಿಸಿ ಎಂದು ನಾನು ಹೋಗಿ ಕೇಳಿದ್ದಕ್ಕೆ, "ಕಳ್ಸೋಕೆ ನಂಗೂ ಇಷ್ಟಾನೇ ಮೇಡಂ, ಆದ್ರೆ ಸುತ್ತೋಲೆ ಹಾಗಿದೆಯಲ್ಲ, ನಾನೇನ್ ಮಾಡ್ಲಿ?" ಎಂದರು. ಸುತ್ತೋಲೆ ತಮ್ಮದು. ಯಾರು ಏನು ಕಲಿಯಬೇಕೆಂಬ ಪಟ್ಟಿ ಸೋಮವಾರ ಅಂತಿಮವಾಗುತ್ತದೆ. ಆಮೇಲೆ ಮೂರು ವರ್ಷ ಬದಲಿಸುವಂತಿಲ್ಲ. ನಾನು ಈ ವಿದ್ಯೆ ಕಲಿತದ್ದು ಅಪ್ಪನ ಅಂಗಡಿಯಲ್ಲಿ, ಅವರು ಅಣ್ಣನಿಗೆ ಹೇಳಿಕೊಡುವಾಗ ಕಸ ಗುಡಿಸುವ ನೆಪದಲ್ಲಿ ಹಿಂದೆ ನಿಂತು. ಮಗಳೂ ಹಾಗೆ ಕದ್ದು ಕಲಿಯಬೇಕೆಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಸೋಮವಾರದೊಳಗೆ ಆ ಸುತ್ತೋಲೆಯಿಂದ 'ಹುಡುಗರಿಗೆ', 'ಹುಡುಗಿಯರಿಗೆ' ಎಂಬ ಎರಡು ಪದ ಹೊಡೆದುಹಾಕಿ, ಬೇಕಾದವರು ಬೇಕಾದ್ದನ್ನು ಆರಿಸಿಕೊಳ್ಳಲು ಬಿಡಿ. ಆಗದಿದ್ದರೆ ಶುಕ್ರವಾರ ನಾನೇ ಮಗಳನ್ನು ವೈರಿಂಗ್ ಕೋಣೆಯ ಮುಂದಿನ ಬೆಂಚಿನಲ್ಲಿ ಕೂರಿಸಿ ಬರುತ್ತೇನೆ. ಅವಳನ್ನು ಎಬ್ಬಿಸಲು ಆ ಟೀಚರನ್ನು ಕಳಿಸಬೇಡಿ, ದಯವಿಟ್ಟು ತಾವೇ ಬನ್ನಿ.

ಇಂತಿ,
ಕಸೂತಿಯಲ್ಲಿ ಎರಡು ಸಲ ನಪಾಸಾದ
ಒಬ್ಬ ಎಲೆಕ್ಟ್ರಿಷಿಯನ್