ಅಪ್ಪ ಕೂರುವ ಜಾಗ

ಮುಂಬೈ, ಭಾನುವಾರ

ಅಪ್ಪಾ,

ನೀನು ನಮ್ಮೂರು ಮಂಕಿಯಿಂದ ಹೊತ್ತು ತಂದ ತೆಂಗಿನಕಾಯಿಗಳನ್ನು ಈ ಮನೆಯಲ್ಲಿ ಬಾಡಿಗೆಗಿರುವ ನಾವು ಮೂವರು ಹುಡುಗಿಯರೂ ಹಂಚಿಕೊಂಡೆವು. ಆ ದಿನ ಬೆಳಿಗ್ಗೆ ನೀನು, “ಕೂತ್ಕಳೂಕೆ ಪುರ್ಸೊತ್ತಿಲ್ಲ ಮಗಾ, ರೈಲಿಗೆ ಹೊತ್ತಾತು” ಎಂದು ಬಾಗಿಲಲ್ಲಿ ನಿಂತೇ ನೀರು ಕುಡಿದು ಹೊರಟುಬಿಟ್ಟೆ. ರೈಲು ಇದ್ದದ್ದು ಮಧ್ಯಾಹ್ನದ ಮೇಲೆ ಎಂಬುದು ನನಗೆ ಗೊತ್ತಿತ್ತು. ಇಲ್ಲಿ ಮಾಲೀಕರು ಹಾಲ್‌ಗೂ ಪ್ಲೈವುಡ್ ಗೋಡೆ ಹೊಡೆಸಿ ಬಾಡಿಗೆಗೆ ಕೊಟ್ಟಿದ್ದಾರೆ. ಬಾಗಿಲು ದಾಟಿದರೆ ಮಂಚಗಳೇ. ಹುಡುಗಿಯರು ಮಲಗುವ ಕೋಣೆಗೆ ನೀನು ಕಾಲಿಡುವವನಲ್ಲ.

ಹಾಲ್‌ನಲ್ಲಿದ್ದ ಬಾಡ ಊರಿನ ಸಂಗೀತಾ ಈಗ ನನ್ನ ಕೋಣೆಗೆ ಬಂದಿದ್ದಾಳೆ. ಅವಳ ಜಾಗಕ್ಕೆ ಬೇರೆಯವಳನ್ನು ಹಾಕುತ್ತೇನೆಂದು ಮಾಲೀಕರು ಬಂದರು. “ಬೇಡ, ಅದರ ಬಾಡಿಗೆಯನ್ನೂ ನಾವೇ ಕೊಡುತ್ತೇವೆ” ಎಂದೆ. “ಅಲ್ಲಿ ಯಾರು ಮಲಗುತ್ತೀರಿ?” ಎಂದು ಕೇಳಿದರು. “ಯಾರೂ ಇಲ್ಲ, ಅದು ನಮ್ಮ ಜಗಲಿ” ಎಂದೆ. ಮಂಚವನ್ನು ನಾವೇ ಬಿಚ್ಚಿ ಗೋಡೆಗೆ ಒರಗಿಸಿಟ್ಟೆವು.

ಅಟ್ಟದಲ್ಲಿರುವ ದೊಡ್ಡ ಚಾಪೆ ಬೇಕು. ಯಾರ ಕೈಯಲ್ಲೂ ಕಳಿಸಬೇಡ, ನೀನೇ ತಾ. ನೀರು ಬೆಲ್ಲ ತಯಾರಿರುತ್ತದೆ. ಆದರೆ ಈ ಸಲ ನೀನು ಕೂರುವ ತನಕ ನಾನು ಚೊಂಬು ಕೈಗೆ ಕೊಡುವುದಿಲ್ಲ.

ನಿನ್ನ ಮಗಳು
ಅಮಿತಾ